ಆಪತ್ಕರೆಯ ಚಾನೆಲ್ ಖಾಲಿಯಿರಲಿ: ಕರಾವಳಿಯ ಮೀನುಗಾರ ಸಂಘಗಳಿಗೆ ಒಂದು ಬಹಿರಂಗ ಪತ್ರ

ಗೊಟಗೋಡಿ,
ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ.

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮೀನುಗಾರ ಸಂಘಗಳಿಗೆ, ಮೀನುಗಾರರ ಸಹಕಾರ ಸಂಘಗಳಿಗೆ, ಬೋಟ್ ಮಾಲೀಕರಿಗೆ, ತಾಂಡೇಲರಿಗೆ ಹಾಗೂ ಕಲಾಸಿಗಳಿಗೆ,

ಮಂಗಳೂರಿನ ದಕ್ಕೆಯಿಂದ ಕಾರವಾರದ ಬೈತಖೋಲದವರೆಗೆ ಸುಮಾರು 320 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಕರ್ನಾಟಕದ ಕರಾವಳಿಯಿಂದ ಕಡಲಿಗಿಳಿಯುವ ಟ್ರಾಲ್ ಬೋಟು, ಪರ್ಸಿನ್ ಬೋಟು, ಗಿಲ್‌ನೆಟ್ ದೋಣಿಗಳಲ್ಲಿ ದುಡಿಯುವವರ ಜೀವವು ಇಂಜಿನ್ನನ್ನೂ ಹವಾಮಾನವನ್ನೂ ಎಷ್ಟು ನೆಚ್ಚಿಕೊಂಡಿದೆಯೋ, ಕೇಬಿನ್ನಿನೊಳಗಿನ ಪುಟ್ಟ ವೈರ್‌ಲೆಸ್ ಸೆಟ್ಟನ್ನೂ ಅಷ್ಟೇ ನೆಚ್ಚಿಕೊಂಡಿದೆ. ಆ ಸೆಟ್ಟಿನ ಮೇಲೆ ಸರ್ಕಾರಕ್ಕಿರುವ ಅಧಿಕಾರ ಎಂಥದು, ಅದು ಯಾವ ಕಾರಣದಿಂದ ಹುಟ್ಟಿತು, ಅದು ಮೀನುಗಾರರಿಗೆ ಎಲ್ಲಿ ನೆರವಾಗುತ್ತಿದೆ ಮತ್ತು ಎಲ್ಲಿ ಅವರನ್ನು ಮುಟ್ಟದೆ ಉಳಿದಿದೆ ಎಂಬುದನ್ನು ಸಂಘಗಳ ಮುಂದಿಡುವುದು ಈ ಪತ್ರದ ಉದ್ದೇಶ. ಆಪತ್ಕಾಲಕ್ಕೆಂದು ಮೀಸಲಿಟ್ಟ ಚಾನೆಲ್ ಸರ್ಕಾರದ ಖಾಸಗಿ ಸ್ವತ್ತಲ್ಲ. ಅದು ಕಡಲಿನಲ್ಲಿರುವ ಎಲ್ಲರೂ ಸೇರಿ ಖಾಲಿ ಬಿಟ್ಟು ಕಾಯಬೇಕಾದ ಊರೊಟ್ಟಿನ ಸ್ವತ್ತು. ಕಾಯುವ ಹೊಣೆಯಲ್ಲಿ ಮೀನುಗಾರರ ಪಾಲು ಎಷ್ಟಿದೆಯೋ, ಅದನ್ನು ಅತಿ ಸಣ್ಣ ದೋಣಿಗೂ ಭಯವಿಲ್ಲದೆ ಒದಗಿಸುವ ಹೊಣೆಯಲ್ಲಿ ಸರ್ಕಾರದ ಪಾಲೂ ಅಷ್ಟೇ ಇದೆ ಎಂಬುದು ಈ ಪತ್ರದ ನಿಲುವು.

ಪಶ್ಚಿಮ ಘಟ್ಟದ ಈಚೆಗಿನ ಬಯಲುಸೀಮೆಯಲ್ಲಿರುವ ಗೊಟಗೋಡಿಯಿಂದ ಇಂಥ ಪತ್ರ ಹೊರಡುವುದಕ್ಕೆ ಎರಡು ಕಾರಣಗಳಿವೆ. ಮಲ್ಪೆ, ಮಂಗಳೂರುಗಳಂಥ ಬಂದರುಗಳಲ್ಲಿಯೂ ಬೋಟುಗಳಲ್ಲಿಯೂ ಇಂದು ಕರಾವಳಿಯವರ ಜೊತೆಗೆ ಒಡಿಶಾ, ಜಾರ್ಖಂಡ್, ಆಂಧ್ರಗಳಿಂದ ಬಂದವರೂ ಉತ್ತರ ಕರ್ನಾಟಕದ ಒಳನಾಡಿನವರೂ ದುಡಿಯುತ್ತಿದ್ದು, ಹುಟ್ಟಿನಿಂದ ಕಡಲನ್ನೇ ಕಾಣದವರು ಆಳಸಮುದ್ರದಲ್ಲಿ ವಾರಗಟ್ಟಲೆ ಇರುವಾಗ ರಕ್ಷಣೆಯ ಪ್ರಶ್ನೆ ಕರಾವಳಿಯದು ಮಾತ್ರವಾಗಿ ಉಳಿಯುವುದಿಲ್ಲ. ಮೇಲಾಗಿ, 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಗೊಟಗೋಡಿಯಲ್ಲಿದ್ದು, ಬಾಯಿಂದ ಬಾಯಿಗೆ ಸಾಗುವ ತಿಳಿವಳಿಕೆಯೇ ಅದರ ಅಧ್ಯಯನದ ವಸ್ತುವಾಗಿದೆ. ಕಡಲಿನ ವೈರ್‌ಲೆಸ್ ಸಂವಹನವೂ ಬರವಣಿಗೆಯ ಆಸರೆಯಿಲ್ಲದೆ ಬರಿಯ ಕಂಠದ ಮೇಲೆ ನಿಂತಿರುವ ವ್ಯವಸ್ಥೆಯಾದ್ದರಿಂದ ಈ ಎರಡಕ್ಕೂ ಇರುವ ಸಂಬಂಧವನ್ನು ಮುಂದೆ ವಿವರಿಸಲಾಗಿದೆ.

ರೇಡಿಯೊ ಅಲೆ ಒಂದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಎಣಿಕೆಯೇ ಕಂಪನಾಂಕ. ಇಬ್ಬರು ಒಂದೇ ಕಂಪನಾಂಕದಲ್ಲಿ ಏಕಕಾಲಕ್ಕೆ ಮಾತಾಡಿದರೆ ಒಬ್ಬರ ಮಾತು ಇನ್ನೊಬ್ಬರದನ್ನು ಕೆಡಿಸುತ್ತದೆ, ಮತ್ತು ಅಲೆಗಳಿಗೆ ದೇಶದ ಗಡಿ ತಿಳಿಯುವುದಿಲ್ಲ; ಆದ್ದರಿಂದ ಯಾವ ಕಂಪನಾಂಕ ಯಾವ ಕೆಲಸಕ್ಕೆ ಎಂಬುದನ್ನು ದೇಶದೇಶಗಳು ಕೂಡಿ ನಿರ್ಧರಿಸಬೇಕಾಯಿತು. 1906ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವು ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ಎಸ್‌ಓಎಸ್ ಸಂಕೇತವನ್ನು ಹಡಗುಗಳ ಆಪತ್ಕರೆಯಾಗಿ ಒಪ್ಪಿತಾದರೂ, ಆ ಕರೆಯನ್ನು ಕೇಳಲು ಯಾರಾದರೂ ಸದಾ ಎಚ್ಚರವಾಗಿರಲೇಬೇಕೆಂಬ ಕಟ್ಟುಪಾಡು ಆಗ ಬರಲಿಲ್ಲ. ಆ ಲೋಪದ ಬೆಲೆಯನ್ನು 1912ರ ಏಪ್ರಿಲ್ 14ರ ರಾತ್ರಿ ಜಗತ್ತು ತೆತ್ತಿತು. ಟೈಟಾನಿಕ್ ಹಡಗಿನ ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು ಮಂಜುಗಡ್ಡೆಯ ಸುದ್ದಿ ತಿಳಿಸಲು ಕರೆದಾಗ, ಪ್ರಯಾಣಿಕರ ಖಾಸಗಿ ತಂತಿಗಳನ್ನು ದಡಕ್ಕೆ ಕಳಿಸುವುದರಲ್ಲಿ ಮುಳುಗಿದ್ದ ಟೈಟಾನಿಕ್‌ನ ವೈರ್‌ಲೆಸ್ ನೌಕರ ಅದನ್ನು ಗದರಿಸಿ ಸುಮ್ಮನಾಗಿಸಿದ; ಕ್ಯಾಲಿಫೋರ್ನಿಯನ್‌ನಲ್ಲಿದ್ದ ಒಬ್ಬನೇ ನೌಕರ ಸೆಟ್ ಆರಿಸಿ ಮಲಗಿದ ಕೆಲವೇ ನಿಮಿಷಗಳಲ್ಲಿ ಡಿಕ್ಕಿ ಸಂಭವಿಸಿತು. ಆಪತ್ಕರೆ ಕೇಳಿಸಿಕೊಂಡು ಧಾವಿಸಿದ ಕಾರ್ಪೇಥಿಯಾ 58 ನಾಟಿಕಲ್ ಮೈಲು ದೂರದಲ್ಲಿತ್ತು, ಅದು ತಲುಪುವ ಹೊತ್ತಿಗೆ ಸುಮಾರು 1,500 ಮಂದಿ ನೀರುಪಾಲಾಗಿದ್ದರು.

ಈ ದುರಂತದಲ್ಲಿ ಯಂತ್ರ ಕೆಟ್ಟಿರಲಿಲ್ಲ, ಅಲೆಯೂ ತಲುಪದೆ ಹೋಗಿರಲಿಲ್ಲ. ಖಾಸಗಿ ಮಾತು ಚಾನೆಲನ್ನು ತುಂಬಿಕೊಂಡಿದ್ದುದು ಮತ್ತು ಕಿವಿಗೊಡುವವರು ಎಚ್ಚರವಿಲ್ಲದಿದ್ದುದು ಎಂಬ ಎರಡು ಕೊರತೆಗಳು ಅಲ್ಲಿ ಕೂಡಿಕೊಂಡಿದ್ದವು. ಮುಂದಿನ ನೂರು ವರ್ಷಗಳ ಕಡಲ ರೇಡಿಯೊ ಕಾನೂನೆಲ್ಲ ಈ ಎರಡು ಕೊರತೆಗಳನ್ನು ತುಂಬುವ ಪ್ರಯತ್ನವೆಂದೇ ಹೇಳಬಹುದು. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಹಿಯಾದ, ಸೋಲಾಸ್ ಎಂದು ಹೆಸರಾದ ಕಡಲ ಜೀವರಕ್ಷಣಾ ಒಪ್ಪಂದವು ರೇಡಿಯೊ ಕಾವಲನ್ನು ಹಡಗುಗಳ ಕರ್ತವ್ಯವಾಗಿಸಿತು. 500 ಕಿಲೋಹರ್ಟ್ಸ್ ಮೋರ್ಸ್ ಸಂಕೇತದ ಆಪತ್ತಿನ ಕಂಪನಾಂಕವಾಗಿ ನೆಲೆಗೊಂಡಿತು. ಪ್ರತಿ ಗಂಟೆಯ 15ನೆಯ ಮತ್ತು 45ನೆಯ ನಿಮಿಷದಿಂದ ಮೂರು ಮೂರು ನಿಮಿಷ ಆ ಕಂಪನಾಂಕದಲ್ಲಿ ಜಗತ್ತಿನ ಎಲ್ಲ ಹಡಗುಗಳೂ ಮಾತು ನಿಲ್ಲಿಸಿ ಕಿವಿಗೊಡಬೇಕೆಂಬ ನಿಯಮ ಬಂತು. ಮಾತಿನ ಆಪತ್ಕರೆಗೆ ಮೀಸಲಾದ 2182 ಕಿಲೋಹರ್ಟ್ಸ್‌ನಲ್ಲಿ ಇದೇ ಮೌನವನ್ನು ಗಂಟೆಯ ಆರಂಭದಲ್ಲೂ ಅರ್ಧ ಗಂಟೆಗೂ ಪಾಲಿಸಲಾಗುತ್ತಿತ್ತು. ಹಡಗಿನ ರೇಡಿಯೊ ಕೋಣೆಯ ಗಡಿಯಾರದ ಮುಖದ ಮೇಲೆ ಈ ನಿಮಿಷಗಳಿಗೆ ಕೆಂಪು ಮತ್ತು ಹಸಿರು ಬಣ್ಣ ಬಳಿದಿರುತ್ತಿದ್ದುದು ಆ ಶಿಸ್ತು ಎಷ್ಟು ದಿನನಿತ್ಯದ್ದಾಗಿತ್ತು ಎಂಬುದನ್ನು ತೋರಿಸುತ್ತದೆ.

1992ರಿಂದ 1999ರ ಫೆಬ್ರವರಿ 1ರವರೆಗೆ ಹಂತಹಂತವಾಗಿ ಜಾರಿಗೆ ಬಂದ ಜಿಎಂಡಿಎಸ್‌ಎಸ್ ಎಂಬ ಜಾಗತಿಕ ಕಡಲ ಆಪತ್ತು ಮತ್ತು ಸುರಕ್ಷತಾ ವ್ಯವಸ್ಥೆಯು ಮೋರ್ಸ್ ಕಾವಲಿಗೆ ವಿದಾಯ ಹೇಳಿ ಆ ಕೆಲಸವನ್ನು ಉಪಗ್ರಹ ಮತ್ತು ಸ್ವಯಂಚಾಲಿತ ಸಂಕೇತಗಳಿಗೆ ವಹಿಸಿತು. ಕರಾವಳಿಯ ದೋಣಿಗಳಿಗೆ ಸಂಬಂಧಿಸಿದಂತೆ ಇದರಲ್ಲಿ ಮುಖ್ಯವಾದದ್ದು ವಿಎಚ್‌ಎಫ್, ಅಂದರೆ ಅತಿ ಹೆಚ್ಚು ಕಂಪನಾಂಕದ, ಸೆಟ್. ಇದರ 16ನೆಯ ಚಾನೆಲ್ 156.8 ಮೆಗಾಹರ್ಟ್ಸ್ ಕಂಪನಾಂಕದಲ್ಲಿದ್ದು, ಆಪತ್ತಿನ ಮಾತಿಗೂ ಇನ್ನೊಂದು ದೋಣಿಯನ್ನು ಮೊದಲ ಬಾರಿಗೆ ಕರೆಯುವುದಕ್ಕೂ ಮೀಸಲಾಗಿದೆ. ಕರೆದ ದೋಣಿ ಓಗೊಟ್ಟ ಕೂಡಲೇ ಇಬ್ಬರೂ 6, 8, 72, 77ರಂಥ ದೋಣಿ–ದೋಣಿ ಮಾತಿನ ಚಾನೆಲ್‌ಗೆ ಸರಿಯಬೇಕು. 70ನೆಯ ಚಾನೆಲ್ ಮಾತಿಗಲ್ಲ; ಸೆಟ್ಟಿನ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಆ ಚಾನೆಲ್ ಮೂಲಕ ದೋಣಿಯ ಒಂಬತ್ತು ಅಂಕಿಗಳ ಗುರುತುಸಂಖ್ಯೆ ತಾನಾಗಿ ರವಾನೆಯಾಗುತ್ತದೆ, ಜಿಪಿಎಸ್ ಜೋಡಿಸಿದ್ದರೆ ಅದರೊಂದಿಗೆ ಇರುವ ಜಾಗವೂ ಹೋಗುತ್ತದೆ. ಭಾರತದ ದೋಣಿಯಾದರೆ ಆ ಸಂಖ್ಯೆ 419ರಿಂದ ಆರಂಭವಾಗುತ್ತದೆ.

16ನೆಯ ಚಾನೆಲ್‌ನಲ್ಲಿ ಮೀನಿನ ದರ, ಬಲೆಯ ಸಂಗತಿ, ಮನೆಯ ವಿಚಾರ ಮಾತಾಡಬಾರದೆಂಬುದು ಬರಿಯ ಶಿಷ್ಟಾಚಾರವಲ್ಲ, ಅದರ ಹಿಂದೆ ವಿಜ್ಞಾನವಿದೆ. ವಿಎಚ್‌ಎಫ್ ಸೆಟ್ಟುಗಳು ಎಫ್‌ಎಂ ಪದ್ಧತಿಯಲ್ಲಿ ಕೆಲಸ ಮಾಡುತ್ತವೆ, ಮತ್ತು ಈ ಪದ್ಧತಿಯಲ್ಲಿ ಒಂದೇ ಕಂಪನಾಂಕದಲ್ಲಿ ಎರಡು ಧ್ವನಿಗಳು ಬಂದರೆ ಕೇಳುವ ಸೆಟ್ ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ; ಬಲವಾದದ್ದನ್ನು ಹಿಡಿದು ದುರ್ಬಲವಾದದ್ದನ್ನು ಪೂರ್ತಿ ಅಡಗಿಸಿಬಿಡುತ್ತದೆ. ಎರಡು ಮೈಲಿ ಆಚೆ 25 ವ್ಯಾಟ್ ಶಕ್ತಿಯಲ್ಲಿ ಹರಟುತ್ತಿರುವ ದೋಣಿಯ ಮಾತಿನಡಿ, ಎಂಟು ಮೈಲಿ ದೂರದಲ್ಲಿ ಬ್ಯಾಟರಿ ಸೋರಿಹೋಗುತ್ತಿರುವ ದೋಣಿಯ ಕೂಗು ಇದ್ದೂ ಇಲ್ಲದಂತಾಗುತ್ತದೆ, ಮತ್ತು ಹರಟುತ್ತಿರುವವರಿಗೆ ತಾವು ಯಾರ ಕೂಗನ್ನು ಮುಚ್ಚಿದೆವೆಂಬುದು ಎಂದೂ ತಿಳಿಯುವುದಿಲ್ಲ. ಮೈಕಿನ ಗುಂಡಿ ಯಾವುದಾದರೂ ಹಲಗೆಯ ಸಂದಿಗೆ ಸಿಕ್ಕು ಒತ್ತಿಕೊಂಡೇ ಉಳಿದರೂ ಇದೇ ಪರಿಣಾಮವಾಗುತ್ತದೆ. ಒಂದು ದೋಣಿಯ ಅಜಾಗರೂಕತೆ ಸುತ್ತಲಿನ ಎಲ್ಲ ದೋಣಿಗಳನ್ನೂ ಕಿವುಡಾಗಿಸುತ್ತದೆ.

ಈ ಅಲೆಗಳ ವ್ಯಾಪ್ತಿಗೂ ಮಿತಿಯಿದೆ. ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯ ಹಾದಿಯಲ್ಲೇ ಸಾಗುವುದರಿಂದ ಭೂಮಿಯ ಬಾಗು ಅವನ್ನು ತಡೆಯುತ್ತದೆ. ಆಂಟೆನಾ ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ದೂರ ನಿರ್ಧಾರವಾಗುತ್ತದೆ. ನಾಲ್ಕು ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳು ಸುಮಾರು 9 ನಾಟಿಕಲ್ ಮೈಲಿನೊಳಗಿದ್ದರೆ ಮಾತ್ರ ಒಂದನ್ನೊಂದು ಕೇಳಬಲ್ಲವು. ಅದೇ ಬೋಟು ದಡದ ಗುಡ್ಡದ ಮೇಲಿನ ನೂರು ಮೀಟರ್ ಎತ್ತರದ ಆಂಟೆನಾವನ್ನು ಸುಮಾರು 26 ನಾಟಿಕಲ್ ಮೈಲು ದೂರದಿಂದ ಮುಟ್ಟಬಲ್ಲದು. ಹತ್ತು ಹನ್ನೆರಡು ದಿನಗಳ ಐಸ್, ಡೀಸೆಲ್ ತುಂಬಿಕೊಂಡು ಗೋವಾ, ಮಹಾರಾಷ್ಟ್ರಗಳ ಆಚೆಗಿನ ಆಳಕ್ಕೆ ಹೋಗುವ ಬೋಟುಗಳು ಈ ವರ್ತುಲದ ಹೊರಗೇ ಹೆಚ್ಚು ದಿನ ಕಳೆಯುತ್ತವೆ. ಅಲ್ಲಿ ಅವಕ್ಕೆ ಇರುವ ಆಸರೆ ಎಂದರೆ ಕೂಗನ್ನು ಕೇಳಿ ಮುಂದಕ್ಕೆ ದಾಟಿಸುವ ನೆರೆಯ ಬೋಟು ಅಥವಾ ತಲೆಯ ಮೇಲಿನ ಉಪಗ್ರಹ.

ಭಾರತದಲ್ಲಿ ಈ ಕ್ಷೇತ್ರದ ಕಾನೂನು ಹಲವು ಕೈಗಳಲ್ಲಿ ಹಂಚಿಹೋಗಿದೆ. ಪರವಾನಗಿಯಿಲ್ಲದೆ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ನಿಷೇಧಿಸಿತ್ತು. ಅದರ ಮತ್ತು 1885ರ ಟೆಲಿಗ್ರಾಫ್ ಕಾಯ್ದೆಯ ಸ್ಥಾನಕ್ಕೆಂದು ರೂಪುಗೊಂಡ 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಹೊಂದಲು ಅಧಿಕೃತ ಅನುಮತಿ ಬೇಕೆಂಬ ತತ್ವವನ್ನು ಉಳಿಸಿಕೊಂಡಿದೆ. ಕಂಪನಾಂಕಗಳ ಹಂಚಿಕೆ ಮತ್ತು ಪರವಾನಗಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ 1952ರಿಂದ ಇರುವ ಡಬ್ಲ್ಯುಪಿಸಿ ಎಂಬ ವೈರ್‌ಲೆಸ್ ಯೋಜನಾ ಮತ್ತು ಸಮನ್ವಯ ವಿಭಾಗ ನೋಡಿಕೊಳ್ಳುತ್ತದೆ. ಹಡಗುಗಳಲ್ಲಿ ಯಾವ ಉಪಕರಣ ಇರಬೇಕೆಂಬುದು ಹಡಗು ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ. ಕಡಲಿನಲ್ಲಿ ಹುಡುಕಾಟ ಮತ್ತು ರಕ್ಷಣೆಯ ಸಮನ್ವಯವನ್ನು 1978ರ ಕಾಯ್ದೆಯಂತೆ ರಚನೆಯಾದ ಕೋಸ್ಟ್ ಗಾರ್ಡ್ ಮುಂಬೈ, ಚೆನ್ನೈ ಮತ್ತು ಅಂಡಮಾನಿನ ರಾಜಧಾನಿಯಲ್ಲಿರುವ ಕೇಂದ್ರಗಳ ಮೂಲಕ ನಡೆಸುತ್ತದೆ. ಕರ್ನಾಟಕದಲ್ಲಿ ಅದರ ನೆಲೆ ಪಣಂಬೂರಿನಲ್ಲಿದೆ. ದೋಣಿಗಳ ಮೀನುಗಾರಿಕೆಯನ್ನು 1986ರ ಕರ್ನಾಟಕ ಸಾಗರ ಮೀನುಗಾರಿಕಾ ನಿಯಂತ್ರಣ ಕಾಯ್ದೆಯಡಿ ರಾಜ್ಯದ ಮೀನುಗಾರಿಕೆ ಇಲಾಖೆ ನಿಯಂತ್ರಿಸಿದರೆ, ದಡದ ಸಮೀಪದ ಕಾವಲನ್ನು ಕರಾವಳಿ ಕಾವಲು ಪೊಲೀಸರು ಮಾಡುತ್ತಾರೆ. ಹೀಗೆ ಸೆಟ್ಟು ಒಂದೇ ಆದರೂ ಅದರ ಒಡೆತನ, ಕಂಪನಾಂಕ, ಬಳಕೆ ಮತ್ತು ಓಗೊಡುವಿಕೆ ನಾಲ್ಕೈದು ಕಚೇರಿಗಳ ಬಾಗಿಲಲ್ಲಿ ನಿಂತಿವೆ.

ಅಂತರರಾಷ್ಟ್ರೀಯ ಕಾನೂನಿನ ಒಂದು ಅಂಚು ಇಲ್ಲಿ ಗಮನಾರ್ಹವಾಗಿದೆ. ಸೋಲಾಸ್ ಒಪ್ಪಂದದ ರೇಡಿಯೊ ನಿಯಮಗಳು ಅಂತರರಾಷ್ಟ್ರೀಯ ಸಂಚಾರದ ಪ್ರಯಾಣಿಕ ಹಡಗುಗಳಿಗೂ 300 ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಸರಕು ಹಡಗುಗಳಿಗೂ ಅನ್ವಯಿಸುತ್ತವೆ. ಮೀನುಗಾರಿಕೆ ದೋಣಿಗಳು ಸಾಮಾನ್ಯವಾಗಿ ಅದರ ಹೊರಗೆ ಉಳಿದು, ಅವುಗಳ ರಕ್ಷಣೆ ಆಯಾ ದೇಶದ ಕಾನೂನಿನ ಪಾಲಿಗೆ ಬಂದಿದೆ. ಇದರ ಪರಿಣಾಮವನ್ನು ಕರ್ನಾಟಕದ ಕರಾವಳಿ ಎರಡು ಘಟನೆಗಳಲ್ಲಿ ಕಂಡಿದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಸಂಪರ್ಕ ಎರಡು ದಿನಗಳ ನಂತರ ಕಡಿದುಹೋಯಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಇದ್ದರು. 2019ರ ಜನವರಿ 6ರಂದು ಮೂರೂ ಜಿಲ್ಲೆಗಳ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ಹುಡುಕಾಟಕ್ಕಾಗಿ ಒತ್ತಾಯಿಸಿದರು. ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣದ ಆಚೆ ಸುಮಾರು 60 ಮೀಟರ್ ಆಳದಲ್ಲಿ ಗುರುತಿಸಿದ್ದು 2019ರ ಮೇ 1ರಂದು. ಬೋಟು ಹೇಗೆ ಮುಳುಗಿತು ಎಂಬ ಪ್ರಶ್ನೆಯನ್ನು ಬದಿಗಿಟ್ಟರೂ, ಎಲ್ಲಿ ಮುಳುಗಿತು ಎಂಬುದನ್ನು ತಿಳಿಯಲು ಏಳು ಮನೆಗಳು ನಾಲ್ಕೂವರೆ ತಿಂಗಳು ಕಾಯಬೇಕಾಯಿತು ಎಂಬುದು ಸುಳ್ಳಾಗುವುದಿಲ್ಲ. ಇನ್ನೊಂದೆಡೆ, 2025ರ ಜೂನ್ 9ರಂದು ಕೇರಳದ ಆಚೆ ಬೆಂಕಿಗೆ ತುತ್ತಾದ ಸಿಂಗಪುರ ಧ್ವಜದ ವಾನ್ ಹೈ 503 ಎಂಬ ಕಂಟೈನರ್ ಹಡಗಿನ 22 ಸಿಬ್ಬಂದಿಯಲ್ಲಿ ನಾಲ್ವರು ಕಾಣೆಯಾದರೂ 18 ಮಂದಿ ರಕ್ಷಿತರಾಗಿ ನವಮಂಗಳೂರು ಬಂದರು ತಲುಪಿದರು. ಎರಡೂ ಅಪಘಾತಗಳ ಸ್ವರೂಪ ಬೇರೆಬೇರೆಯೇ ಸರಿ. ಆದರೆ ಒಂದು ಹಡಗಿಗೆ ಆಪತ್ತಿನ ಸುದ್ದಿ ಮುಟ್ಟಿಸುವ ಸಲಕರಣೆಯನ್ನು ಕಾನೂನೇ ಕಡ್ಡಾಯ ಮಾಡಿತ್ತು, ಏಳು ಜನರ ಬೋಟಿಗೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ ಎಂಬ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ.

ಮುಳುಗಿದ ಮೇಲೂ ಮಾತಾಡಬಲ್ಲ ಉಪಕರಣವೊಂದು ಆ ಹೊತ್ತಿಗೆ ಜಗತ್ತಿನಲ್ಲಿ ಹೊಸತಾಗಿರಲಿಲ್ಲ. ಇಪಿಐಆರ್‌ಬಿ ಎಂಬ ಆಪತ್ತಿನ ದೀಪಸ್ತಂಭದಂಥ ಪುಟ್ಟ ಪೆಟ್ಟಿಗೆಯನ್ನು ದೋಣಿಯ ಮೇಲ್ಭಾಗಕ್ಕೆ ಸಿಕ್ಕಿಸಿರುತ್ತಾರೆ. ದೋಣಿ ಮುಳುಗಿ ಕೆಲವು ಮೀಟರ್ ಆಳಕ್ಕೆ ಹೋದಾಗ ನೀರಿನ ಒತ್ತಡವೇ ಅದರ ಕೊಂಡಿಯನ್ನು ಬಿಡಿಸುತ್ತದೆ, ಪೆಟ್ಟಿಗೆ ಮೇಲೆ ತೇಲಿಬಂದು 406 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕನಿಷ್ಠ 48 ಗಂಟೆ ಸಂಕೇತ ಕಳಿಸುತ್ತದೆ. ಕೆನಡಾ, ಫ್ರಾನ್ಸ್, ಅಮೆರಿಕ ಮತ್ತು ಅಂದಿನ ಸೋವಿಯತ್ ಒಕ್ಕೂಟಗಳು ಆರಂಭಿಸಿದ ಕಾಸ್ಪಾಸ್–ಸಾರ್ಸಾಟ್ ಉಪಗ್ರಹ ವ್ಯವಸ್ಥೆ 1982ರಿಂದ ಇಂಥ ಸಂಕೇತಗಳಿಗೆ ಕಿವಿಗೊಡುತ್ತಿದೆ. ಭಾರತದ ಸುತ್ತಲಿನ ಕಡಲಿನಿಂದ ಬರುವ ಸಂಕೇತಗಳು ಬಂದು ಸೇರುವ ಜಾಗ ಕರ್ನಾಟಕದಲ್ಲೇ ಇದೆ: ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಆವರಣದ ಭಾರತೀಯ ಮಿಷನ್ ನಿಯಂತ್ರಣ ಕೇಂದ್ರ ಅವನ್ನು ಬಿಡಿಸಿ ಕೋಸ್ಟ್ ಗಾರ್ಡ್‌ಗೆ ದಾಟಿಸುತ್ತದೆ. ಸಣ್ಣ ದೋಣಿಗಳಿಗೆಂದೇ ಇಸ್ರೋ ರೂಪಿಸಿದ ಡ್ಯಾಟ್ ಎಂಬ ಆಪತ್ಸಂದೇಶ ಯಂತ್ರವೂ ಇದೇ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ; ಬೆಂಕಿ, ಮುಳುಗಡೆ, ನೀರಿಗೆ ಬಿದ್ದವರು, ವೈದ್ಯಕೀಯ ನೆರವು ಎಂದು ಆಪತ್ತಿನ ಬಗೆಯನ್ನೂ ಅದು ತಿಳಿಸಬಲ್ಲದು. ಮೊದಲಿನ ಡ್ಯಾಟ್ ಸುದ್ದಿ ಕಳಿಸುತ್ತಿತ್ತೇ ಹೊರತು ಅದು ತಲುಪಿತೆಂಬ ಉತ್ತರ ತರುತ್ತಿರಲಿಲ್ಲ. ಗುಂಡಿ ಒತ್ತಿದವರು ಕತ್ತಲಲ್ಲಿ ಅನುಮಾನದೊಂದಿಗೇ ಕಾಯಬೇಕಿತ್ತು. 2024ರಲ್ಲಿ ಇಸ್ರೋ ಪ್ರಕಟಿಸಿದ ಎರಡನೆಯ ತಲೆಮಾರಿನ ಯಂತ್ರದಲ್ಲಿ ಆ ಉತ್ತರವೂ ಬರುತ್ತದೆ, ಮೊಬೈಲಿಗೆ ಜೋಡಿಸಿಕೊಂಡರೆ ಸಂದೇಶಗಳನ್ನು ತಮ್ಮ ಭಾಷೆಯಲ್ಲೇ ಓದಿಕೊಳ್ಳಬಹುದು.

2017ರ ನವೆಂಬರ್ ಕೊನೆಯಲ್ಲಿ ಬೀಸಿದ ಓಖಿ ಚಂಡಮಾರುತ ದಡದಿಂದ ದೋಣಿಯ ಕಡೆಗಿನ ಹಾದಿಯ ಕೊರತೆಯನ್ನು ಬಯಲು ಮಾಡಿತ್ತು. ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಆಳಸಮುದ್ರದಲ್ಲಿದ್ದಾಗ ಎಚ್ಚರಿಕೆ ಅವರನ್ನು ಸಕಾಲಕ್ಕೆ ಮುಟ್ಟಲಿಲ್ಲ, ನೂರಾರು ಮಂದಿ ಮರಳಲಿಲ್ಲ. ಆ ಪಾಠದ ನಂತರ ಬಂದ ಯೋಜನೆಗಳಲ್ಲಿ, ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿಗಳ ಯೋಜನೆ ಮುಖ್ಯವಾದದ್ದು. ಇದಕ್ಕೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ದೊರೆಯಿತು. ಟ್ರಾನ್ಸ್‌ಪಾಂಡರ್ ಎಂದರೆ ದೋಣಿಯ ಜಾಗವನ್ನು ಆಗಾಗ ತಿಳಿಸುತ್ತ, ದಡದ ಸಂದೇಶಗಳನ್ನು ದೋಣಿಗೆ ತರುವ ಯಂತ್ರ.

ಇಷ್ಟೆಲ್ಲ ಸೌಕರ್ಯ ಬಂದರೂ ಅವುಗಳ ಬಳಕೆಗೆ ಭಯ ಅಡ್ಡ ನಿಲ್ಲಬಲ್ಲದು ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಪರವಾನಗಿಯಿಲ್ಲದೆ ಕೊಂಡ ಸೆಟ್ ಇರುವ ದೋಣಿಗೆ ಆಪತ್ತಿನಲ್ಲಿ ಕರೆದರೆ ಕೇಸ್ ಬೀಳಬಹುದೆಂಬ ಅಳುಕಿರುತ್ತದೆ; ಆನ್‌ಲೈನ್ ಮಾರಾಟದ ಮೂಲಕ ವಾಕಿಟಾಕಿಗಳು ನಿಯಮ ಮೀರಿ ಹರಡಿದ್ದರಿಂದಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಅವುಗಳ ಮಾರಾಟಕ್ಕೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಬೇಕಾಯಿತು. 2008ರ ಮುಂಬೈ ದಾಳಿಯ ನಂತರ ಕಡಲಿನ ಸಂವಹನದ ಮೇಲೆ ಕಣ್ಗಾವಲು ಬಿಗಿಯಾಗಿದ್ದು, ತುರಾಯಾ, ಇರಿಡಿಯಂ ಮುಂತಾದ ಉಪಗ್ರಹ ಫೋನ್‌ಗಳ ಅನಧಿಕೃತ ಬಳಕೆಯನ್ನು ಹಡಗು ಮಹಾನಿರ್ದೇಶನಾಲಯ 2012ರಲ್ಲಿ ನಿಷೇಧಿಸಿದೆ. ಇದಲ್ಲದೆ, ಮೀನು ಸಿಗುವ ಜಾಗ ಬೇರೆಯವರಿಗೆ ತಿಳಿದುಬಿಡುತ್ತದೆ, ನೆರೆರಾಜ್ಯದ 12 ನಾಟಿಕಲ್ ಮೈಲಿನೊಳಗೆ ಹೋದದ್ದು ದಾಖಲಾಗಿ ದಂಡ ಬೀಳುತ್ತದೆ ಎಂಬ ಶಂಕೆಯಿಂದ ಜಾಗ ತೋರಿಸುವ ಯಂತ್ರವನ್ನು ಆರಿಸಿಬಿಡುವ ಮನಸ್ಸೂ ಹುಟ್ಟಬಹುದು. ಈ ಅಳುಕುಗಳಲ್ಲಿ ಮೊದಲನೆಯದಕ್ಕೆ ಅಂತರರಾಷ್ಟ್ರೀಯ ರೇಡಿಯೊ ನಿಯಮಗಳೇ ಉತ್ತರ ಕೊಟ್ಟಿವೆ: ಆಪತ್ತಿನಲ್ಲಿರುವ ನಿಲ್ದಾಣವು ತನ್ನತ್ತ ಗಮನ ಸೆಳೆಯಲು, ತಾನಿರುವ ಜಾಗ ತಿಳಿಸಲು ಮತ್ತು ನೆರವು ಪಡೆಯಲು ತನ್ನ ಬಳಿಯಿರುವ ಯಾವುದೇ ರೇಡಿಯೊ ಸಾಧನವನ್ನು ಬಳಸುವುದಕ್ಕೆ ಆ ನಿಯಮಗಳ ಯಾವ ಅಂಶವೂ ಅಡ್ಡಬರುವುದಿಲ್ಲವೆಂದು ಅವುಗಳ 4ನೆಯ ವಿಧಿ ಸ್ಪಷ್ಟಪಡಿಸುತ್ತದೆ. ಜೀವ ಹೋಗುವ ಹೊತ್ತಿನಲ್ಲಿ ಪರವಾನಗಿಯ ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ ಎಂಬುದನ್ನು ಪ್ರತಿ ತಾಂಡೇಲರೂ ತಿಳಿದಿರಬೇಕು.

ಜಾಗ ಬಯಲಾಗುವ ಅಳುಕಿಗೆ ಉತ್ತರಿಸಬೇಕಾದದ್ದು ಸರ್ಕಾರ. ಆಪತ್ಕರೆಯಿಂದಲೋ ಆಪತ್ತಿನ ಯಂತ್ರದಿಂದಲೋ ದೊರೆತ ಜಾಗದ ಮಾಹಿತಿಯನ್ನು ರಕ್ಷಣೆಗಲ್ಲದೆ ದಂಡ ವಿಧಿಸಲು ಬಳಸುವುದಿಲ್ಲವೆಂಬ ಭರವಸೆ ಲಿಖಿತ ನಿಯಮವಾಗಿ ಬರಬೇಕು. ದಂಡಕ್ಕೆ ಬೇರೆ ಸಾಕ್ಷ್ಯಗಳಿವೆ, ರಕ್ಷಣೆಗೆ ಬೇರೆ ದಾರಿಯಿಲ್ಲ. ದೋಣಿಗಳ ನೋಂದಣಿ ಈಗ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತಿರುವುದರಿಂದ, ವಿಎಚ್‌ಎಫ್ ಸೆಟ್ಟಿನ ಪರವಾನಗಿ ಮತ್ತು ಒಂಬತ್ತು ಅಂಕಿಯ ಗುರುತುಸಂಖ್ಯೆಯನ್ನು ಆ ನೋಂದಣಿಯ ಜೊತೆಗೇ, ಒಂದೇ ಅರ್ಜಿಯಲ್ಲಿ ಕೊಡುವುದು ಕಷ್ಟದ ಕೆಲಸವಲ್ಲ. ದಡದ ಎತ್ತರದ ಗುಡ್ಡಗಳಲ್ಲಿ 16ನೆಯ ಚಾನೆಲ್‌ಗೆ ಹಗಲಿರುಳು ಕಿವಿಗೊಡುವ ವ್ಯವಸ್ಥೆ ಕರಾವಳಿಯುದ್ದಕ್ಕೂ ಬಿಡುವಿಲ್ಲದಂತೆ ಹಬ್ಬಬೇಕು. ಈ ಬೇಡಿಕೆಗಳನ್ನು ಒಂಟಿ ದೋಣಿಯ ಮಾಲೀಕ ಇಟ್ಟರೆ ಕಡತದಲ್ಲಿ ಉಳಿಯುತ್ತವೆ. ಹೆದ್ದಾರಿಗಿಳಿದು ಹುಡುಕಾಟಕ್ಕೆ ಒತ್ತಾಯಿಸಬಲ್ಲ ಸಂಘಗಳು ಅವಘಡಕ್ಕೆ ಮುಂಚೆಯೇ ಒಟ್ಟಾಗಿ ಇಟ್ಟರೆ ಅವಕ್ಕೆ ತೂಕ ಬರುತ್ತದೆ.

ಸಂಘಗಳು ತಾವಾಗಿಯೇ ಮಾಡಬಹುದಾದ ಕೆಲಸ ಇದಕ್ಕಿಂತ ಹತ್ತಿರದ್ದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ. ಬಲೆ ಹೆಣೆಯುವ, ಇಂಜಿನ್ ಬಿಚ್ಚಿ ಜೋಡಿಸುವ ಈ ಅವಧಿಯಲ್ಲೇ ಸೆಟ್ಟಿನ ಬ್ಯಾಟರಿ, ಆಂಟೆನಾದ ಕೇಬಲ್, ಡ್ಯಾಟ್‌ನ ನೋಂದಣಿ ಮತ್ತು ಅವಧಿಯನ್ನು ಪರೀಕ್ಷಿಸಿ, ಮಾತಿನ ಅಭ್ಯಾಸವನ್ನೂ ಮಾಡಿಸಬಹುದು. ಅಭ್ಯಾಸ ಮಾಡಬೇಕಾದ ಕರೆ ಉದ್ದವಾದದ್ದಲ್ಲ. ಮೈಕಿನ ಗುಂಡಿ ಒತ್ತಿ, ಜೀವಕ್ಕೆ ಅಪಾಯವಿದೆ ಎಂಬುದರ ಅಂತರರಾಷ್ಟ್ರೀಯ ಕರೆಯಾದ ‘ಮೇಡೇ’ ಎಂಬುದನ್ನು ಮೂರು ಸಲ, ಬೋಟಿನ ಹೆಸರನ್ನು ಮೂರು ಸಲ ಹೇಳಿ, ನಂತರ ಜಾಗ, ಆಪತ್ತು, ಬೇಕಾದ ನೆರವು, ಜನರ ಸಂಖ್ಯೆ ಎಂಬ ಕ್ರಮದಲ್ಲಿ ಮುಂದುವರಿಯಬೇಕು: “13 ಡಿಗ್ರಿ 10 ಮಿನಿಟ್ ಉತ್ತರ, 74 ಡಿಗ್ರಿ 15 ಮಿನಿಟ್ ಪೂರ್ವ, ಮಲ್ಪೆಯಿಂದ ಪಶ್ಚಿಮ–ನೈಋತ್ಯಕ್ಕೆ ಸುಮಾರು 28 ನಾಟಿಕಲ್ ಮೈಲು, ಇಂಜಿನ್ ರೂಮಿಗೆ ನೀರು ನುಗ್ಗಿದೆ, ಬೋಟು ಮುಳುಗುತ್ತಿದೆ, ತಕ್ಷಣ ನೆರವು ಬೇಕು, ಎಂಟು ಜನ ಇದ್ದೇವೆ, ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದೇವೆ.” ಜಾಗವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ: ಮಾತು ಅರ್ಧಕ್ಕೆ ಕಡಿದರೂ ಬರಬೇಕಾದವರಿಗೆ ಎಲ್ಲಿಗೆ ಬರಬೇಕೆಂಬುದು ಗೊತ್ತಾಗಿರುತ್ತದೆ. ಕೇಳಿಸಿಕೊಂಡ ಬೋಟುಗಳು ಜಾಗವನ್ನು ಬರೆದುಕೊಂಡು, ದಡ ಓಗೊಡಲು ಸ್ವಲ್ಪ ಕಾದು, ಯಾರೂ ಓಗೊಡದಿದ್ದರೆ ಅದೇ ಕರೆಯನ್ನು ಆ ಬೋಟಿನ ಹೆಸರಿನಲ್ಲಿ ಮುಂದಕ್ಕೆ ದಾಟಿಸಬೇಕು. ಮೊಬೈಲ್ ಸಿಗುವಷ್ಟು ಹತ್ತಿರವಿದ್ದರೆ ಕೋಸ್ಟ್ ಗಾರ್ಡ್‌ನ 1554 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ತಿಳಿಸಬೇಕು. ಉಳಿದವರೆಲ್ಲ ಆ ಚಾನೆಲ್‌ನಲ್ಲಿ ಸುಮ್ಮನಿರಬೇಕು.

ಈ ಅಭ್ಯಾಸ ಯಾವ ಭಾಷೆಯಲ್ಲಿ ನಡೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ವಿದೇಶಿ ಹಡಗಿಗೂ ತಿಳಿಯಬೇಕಾದ ಕೆಲವು ಇಂಗ್ಲಿಷ್ ಮಾತುಗಳನ್ನು ಎಲ್ಲರೂ ಬಾಯಿಪಾಠ ಮಾಡಲೇಬೇಕು. ಆದರೆ ಗಾಬರಿಯ ಹೊತ್ತಿನಲ್ಲಿ ಬಾಯಿಗೆ ಬರುವುದು ಮನೆಮಾತು. ಕರಾವಳಿಯ ಬೋಟಿನಲ್ಲಿ ಅದು ತುಳು, ಕನ್ನಡ, ಕೊಂಕಣಿ, ಬ್ಯಾರಿ, ನವಾಯತಿಗಳಲ್ಲಿ ಯಾವುದೂ ಆಗಿರಬಹುದು, ಒಡಿಯಾ ಆಗಿರಲೂಬಹುದು. ಬರಹವಿಲ್ಲದೆ ದೀರ್ಘ ಪಾಠಗಳನ್ನು ಕ್ರಮ ತಪ್ಪದೆ ನೆನಪಿನಲ್ಲಿಡುವ ಬಗೆಯನ್ನು ಈ ನಾಡಿನ ಜನಪದರು ತಲೆಮಾರುಗಳಿಂದ ಬಲ್ಲರು, ಮತ್ತು ಆ ಬಗೆಯನ್ನು ಅಧ್ಯಯನ ಮಾಡುವವರು ಗೊಟಗೋಡಿಯಲ್ಲಿದ್ದಾರೆ. ಆಳವನ್ನು ಮಾರುಗಳಲ್ಲಿ ಎಣಿಸುವ, ಗಾಳಿ ನೀರುಗಳ ಗುರುತನ್ನು ತಮ್ಮದೇ ಹೆಸರುಗಳಲ್ಲಿ ಹೇಳುವ ಹಿರಿಯ ತಾಂಡೇಲರು, ಮೀನುಗಾರಿಕೆ ಇಲಾಖೆ, ಕೋಸ್ಟ್ ಗಾರ್ಡ್ ಮತ್ತು ಜಾನಪದ ವಿಶ್ವವಿದ್ಯಾಲಯ ಕೂಡಿ ಕೂತರೆ, ಆಪತ್ಕರೆಯ ಕ್ರಮವನ್ನು ಪ್ರತಿ ಭಾಷೆಯಲ್ಲೂ ನಾಲಗೆಯ ಮೇಲೆ ನಿಲ್ಲುವಂಥ ಪುಟ್ಟ ಪಾಠವಾಗಿ ಕಟ್ಟಬಹುದು. ವಿಶ್ವವಿದ್ಯಾಲಯದ ವಿದ್ವಾಂಸರು ಇದನ್ನು ತಮ್ಮ ಕೆಲಸವೆಂದು ಭಾವಿಸಲೆಂಬ ವಿನಂತಿಯನ್ನೂ ಈ ಪತ್ರ ಒಳಗೊಂಡಿದೆ.

ಸಂಘಗಳ ಮುಂದಿರುವ ಕೋರಿಕೆಗಳು ನಾಲ್ಕು. 16ನೆಯ ಚಾನೆಲ್‌ನಲ್ಲಿ ಹರಟೆ ಹೊಡೆಯುವುದಿಲ್ಲವೆಂಬ ನಿರ್ಣಯವನ್ನು ಪ್ರತಿ ಬಂದರಿನ ಸಂಘವೂ ತನ್ನ ಮಹಾಸಭೆಯಲ್ಲಿ ಕೈಗೊಂಡು, ಉಲ್ಲಂಘಿಸಿದವರಿಗೆ ತಾನೇ ತಿಳಿಹೇಳುವುದು ಮೊದಲನೆಯದು. ಜುಲೈ ತಿಂಗಳಲ್ಲಿ ಪ್ರತಿ ಬಂದರಿನಲ್ಲೂ ಒಂದು ದಿನದ ತರಬೇತಿ ನಡೆಸಿ, ತಾಂಡೇಲರ ಜೊತೆಗೆ ಕನಿಷ್ಠ ಇನ್ನಿಬ್ಬರು ಕಲಾಸಿಗಳೂ, ವಿಶೇಷವಾಗಿ ಒಳನಾಡಿನಿಂದಲೂ ಹೊರರಾಜ್ಯದಿಂದಲೂ ಬಂದವರೂ, ಸೆಟ್ ಬಳಸಲು ಕಲಿಯುವಂತೆ ನೋಡಿಕೊಳ್ಳುವುದು ಎರಡನೆಯದು; ಆಪತ್ತಿನಲ್ಲಿ ತಾಂಡೇಲರೇ ಗಾಯಗೊಂಡಿರುವ ಸಾಧ್ಯತೆ ಇರುತ್ತದೆ. ಆಳಸಮುದ್ರಕ್ಕೆ ಹೋಗುವ ಯಾವ ಬೋಟೂ ನೋಂದಣಿಯಾದ, ಪರೀಕ್ಷಿಸಿದ ಆಪತ್ತಿನ ಯಂತ್ರವಿಲ್ಲದೆ ಬಂದರು ಬಿಡದಂತೆ ನೋಡಿಕೊಳ್ಳುವುದು ಮೂರನೆಯದು. ಒಂದೇ ಅರ್ಜಿಯ ಪರವಾನಗಿ, ಆಪತ್ತಿನ ಮಾಹಿತಿಯನ್ನು ದಂಡಕ್ಕೆ ಬಳಸದಿರುವ ಲಿಖಿತ ನಿಯಮ, ಹಗಲಿರುಳಿನ ಕಾವಲು ಎಂಬ ಮೂರು ಬೇಡಿಕೆಗಳನ್ನು ಮೂರೂ ಜಿಲ್ಲೆಗಳ ಸಂಘಗಳು ಒಂದೇ ಮನವಿಯಾಗಿ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಮುಂದಿಡುವುದು ನಾಲ್ಕನೆಯದು.

ಕಡಲ ರೇಡಿಯೊ ಕಾನೂನಿನ ಬಹುಪಾಲು ಸತ್ತವರ ಲೆಕ್ಕದಿಂದ ಬರೆಯಲ್ಪಟ್ಟಿದೆ. ಪ್ರತಿ ನಿಯಮದ ಹಿಂದೆಯೂ ಅದು ಇಲ್ಲದಿದ್ದ ಒಂದು ರಾತ್ರಿ ಇದೆ. ಮುಂದಿನ ನಿಯಮಕ್ಕೆ ಇನ್ನೊಂದು ಬೋಟು ಕಾಣೆಯಾಗುವವರೆಗೆ ಕಾಯಬೇಕಾದ ಅಗತ್ಯ ಕರ್ನಾಟಕದ ಕರಾವಳಿಗಿಲ್ಲ, ಏಕೆಂದರೆ ಬೇಕಾದ ಯಂತ್ರ, ಬೇಕಾದ ಕೇಂದ್ರ, ಬೇಕಾದ ಕಾನೂನಿನ ತಳಹದಿ ಎಲ್ಲವೂ ಈಗಾಗಲೇ ಇವೆ. ಅವನ್ನು ಕೂಡಿಸುವ ಸಂಕಲ್ಪ ಮಾತ್ರ ಉಳಿದಿದೆ. ಈ ಆಗಸ್ಟ್ 1ರಂದು ಬೋಟುಗಳು ಬಂದರು ಬಿಡುವ ಮುನ್ನ ಆ ಸಂಕಲ್ಪವನ್ನು ತಮ್ಮ ಸಂಘಗಳು ಕೈಗೊಳ್ಳಲಿ ಎಂಬುದು ಈ ಪತ್ರದ ಕಳಕಳಿಯ ಪ್ರಾರ್ಥನೆ.

ಇಂತಿ,
ಕಡಲಿಗಿಳಿಯುವ ಎಲ್ಲರ ಕ್ಷೇಮವನ್ನು ಬಯಸುವ,
ಗೊಟಗೋಡಿಯ ಪತ್ರಲೇಖಕ